ಅಂಗೈ ಮೇಲಿನ ಕೆಂಡ

"ಮತ್ತ ಬಂದಿ ಏನೋ ಹಲ್ಕಟ್! ಇವತ್ತೂ ಕಲ್ಲು ಒಗೀತೀ?"

ಕಸ್ತೂರಿಬಾಯಿ ಕೂಗಿದ್ದೂ, ಕೈಯಲ್ಲಿದ್ದ ಸಗಣಿ ನೀರಿನ ಕೊಡ ಬಾಗಿಲಾಚೆ ಖಾಲಿಯಾದದ್ದೂ ಒಟ್ಟಿಗೇ ಆಯಿತು.

ಹೊರಗೆ ನಿಂತಿದ್ದವನು ಓಡಲಿಲ್ಲ, ಬೈಯಲೂ ಇಲ್ಲ. ತಲೆಯಿಂದ ಇಳಿಯುತ್ತಿದ್ದ ಹಸಿರು ನೀರನ್ನು ಒಂದು ಕೈಯಿಂದ ಒರೆಸಿಕೊಂಡ. ಹೆಗಲ ಮೇಲೆ ಕಂಬಳಿಗಳ ದೊಡ್ಡ ಗಂಟು. ಅದರಿಂದಲೂ ತಟತಟ ಹನಿ.

"ಕಲ್ಲು ಒಗ್ಯಾಕ ಬಂದಿಲ್ರಿ ಬಾಯೋರ. ಖೋಲಿ ಕೇಳಾಕ ಬಂದೇನಿ," ಎಂದ. "ಬಾಡಿಗಿಗಿ ಅದ ಅಂತ ಕೇಳಿದ್ದೆ. ಜಳಕಾನೂ ಮಾಡಸ್ತೀರಿ ಅಂತ ಯಾರೂ ಹೇಳಿರ್ಲಿಲ್ಲ."

ಒಳಗೆ ಚುರಮುರಿ ಹುರಿಯುತ್ತಿದ್ದ ಬಾಡಿಗೆದಾರ್ತಿ ಜನಾಬಾಯಿ ಕಿಸಕ್ಕೆಂದು ನಕ್ಕಳು. "ಯವ್ವಾ ಕಸ್ತೂರಿ, ಬಾಗಲ ಸಾರಿಸು ಅಂದ್ರ ಗಿರಾಕಿನ್ನ ಸಾರಿಸೀದಿ ನೋಡು!"

ಕಸ್ತೂರಿಯ ಮುಖ ಕೆಂಪಾಯಿತು. ಆದರೆ ಕ್ಷಮೆ ಕೇಳುವ ಅಭ್ಯಾಸ ಆಕೆಗಿರಲಿಲ್ಲ. ಸುಳ್ಳೇಕೆ ಹೇಳಲಿ, ಆ ವರ್ಷ ಕ್ಷಮೆ ಕೇಳುತ್ತ ಕುಳಿತ ಹೆಣ್ಣುಮಕ್ಕಳು ಬದುಕುವ ಹಾಗೇ ಇರಲಿಲ್ಲ.

'ಯಾರಿವನು? ಇಷ್ಟು ಹೊಲಸು ಬಿದ್ದರೂ ನಗುತ್ತಿದ್ದಾನಲ್ಲ…'

"ಹೆಸರು?"

"ಬಕ್ಕಪ್ಪ ರೀ. ಔರಾದ ಕಡಿ ಎಕಂಬಾ ನಮ್ಮೂರು. ಕುರುಬರು. ಕಂಬಳಿ ಮಾರಾಕ ಬೀದರಕ ಬಂದೇನಿ."

"ಒಳಗ ಬರ್ರಿ. ಆ ಕಂಬಳಿ ಇಲ್ಲಿಡ್ರಿ. ನಾ ಹೊಲಸ ಮಾಡೀನಿ, ನಾನೇ ತೊಳೀತೇನಿ."

ಅಷ್ಟೇ. ಆಕೆಯ ಬಾಯಲ್ಲಿ ಕ್ಷಮೆ ಎಂದರೆ ಅದೇ!

* * *

ಅದು ಪೊಲೀಸ್ ಆಕ್ಷನ್ ಆದ ವರ್ಷದ ಚಳಿಗಾಲ. ನಿಜಾಮನ ಆಳ್ವಿಕೆ ಮುಗಿದಿತ್ತು. ನಿಜಾಮನ ಹೆಸರಲ್ಲಿ ಊರೂರು ಸುಲಿದ ರಜಾಕಾರರು ದಿಕ್ಕಾಪಾಲಾಗಿದ್ದರು. ನಿನ್ನೆಯ ತನಕ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ಕುಳಿತಿದ್ದವರಿಗೆ ಈಗ ಒಮ್ಮೆಲೇ ಧೈರ್ಯ ಬಂದಿತ್ತು. ಧೈರ್ಯ ಬಂದ ಕೈಗೆ ಮೊದಲು ಸಿಗುವುದು ಕಲ್ಲು.

ಆ ಕಲ್ಲುಗಳು ಕಸ್ತೂರಿಯ ಮನೆಗೆ ಬೀಳುತ್ತಿದ್ದವು. ಯಾಕೆಂದರೆ ಆ ಮನೆಯ ಮೊದಲ ಖೋಲಿಯಲ್ಲಿ ಹಮೀದುನ್ನಿಸಾ ಇದ್ದಳು. ರಜಾಯಿ ಹೊಲಿದು ಬದುಕುವ ಮುದುಕಿ. ಅವಳ ಒಬ್ಬನೇ ಮಗ ಕುತುಬೋದ್ದೀನ, ಪೊಲೀಸ್ ಆಕ್ಷನ್ ಆದ ವಾರ ಮನೆಯಿಂದ ಹೋದವನು, ತಿರುಗಿ ಬಂದಿರಲಿಲ್ಲ. ಅವನು ರಜಾಕಾರರ ಜೊತೆಗಿದ್ದ ಎಂದು ಓಣಿಯವರು ಹೇಳುತ್ತಿದ್ದರು. ನೋಡಿದವರು ಯಾರೂ ಇಲ್ಲ, ಹೇಳುವವರು ಎಲ್ಲರೂ!

ಮನೆ ಚೌಬಾರಾ ಗೋಪುರದಿಂದ ಕೂಗಳತೆ ದೂರ. ಕೆಂಪು ಕಲ್ಲಿನ ಗೋಡೆ, ನಡುವೆ ಅಂಗಳ, ಅಂಗಳದಲ್ಲಿ ಬಾವಿ, ಸುತ್ತ ಬಾಡಿಗೆಯ ಮೂರು ಖೋಲಿ. ಕಟ್ಟಿಸಿದವಳು ಕಸ್ತೂರಿಯ ಅಜ್ಜಿ ನೀಲಮ್ಮ. ಗಂಡ ಸತ್ತ ಮೇಲೆ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಭಾಲ್ಕಿಯಿಂದ ಬಂದಾಗ, 'ರಂಡೆಗೆ ಖೋಲಿ ಇಲ್ಲ' ಎಂದು ಬೀದರಿನ ಮನೆಮನೆಯೂ ಬಾಗಿಲು ಹಾಕಿತ್ತಂತೆ. ಆ ಸಿಟ್ಟಿಗೇ ಹೊಟ್ಟೆ ಕಟ್ಟಿ, ಕಲ್ಲಿನ ಮೇಲೆ ಕಲ್ಲಿಟ್ಟು ಈ ಮನೆ ಎಬ್ಬಿಸಿದಳು.

ನೀಲಮ್ಮನ ಕಾಯ್ದೆ ಒಂದೇ. ಬಾಡಿಗೆಗೆ ಬಂದವರಿಗೆ ಕೀಲಿ ಕೊಡುವ ಮೊದಲು ಮನೆಯ ಒಲೆಯಿಂದ ಒಂದು ಕೆಂಡ ಕೊಡಬೇಕು. ಅವರು ಅದನ್ನು ಅಂಗಳ ದಾಟಿಸಿ ತಮ್ಮ ಒಲೆ ಹೊತ್ತಿಸಬೇಕು. ಹೇಗೆ ಒಯ್ಯುತ್ತಾರೆ, ಅದನ್ನು ನೋಡಬೇಕು!

"ಕೆಂಡ ಕೆಡವಿದಾಂವ ಮಾತೂ ಕೆಡವ್ತಾನ. ಗಾಳಿಗೆ ಹಿಡಿದು ಕಿಡಿ ಹಾರಸಾಂವ ಜಗಳಗಂಟ. ಕೈ ಮರೆ ಮಾಡಿ ಸಾವಕಾಶ ಒಯ್ತಾರಲ್ಲ, ಅವರಿಗೆ ಖೋಲಿ ಕೊಡು. ಜಾತಿ ನೋಡಬ್ಯಾಡ, ಕೈ ನೋಡು" ಎಂದು ಮೊಮ್ಮಗಳಿಗೆ ಕಲಿಸಿದ್ದಳು.

ಒಮ್ಮೆ ಈ ಮನೆಯ ಕೆಂಡ ಒಯ್ದವರು ಈ ಮನೆಯವರು. ಅವರ ಒಲೆ ಉರಿಯುವ ತನಕ 'ಹೋಗು' ಎನ್ನುವ ಹಕ್ಕು ಯಾರಿಗೂ ಇಲ್ಲ. ಬಾಡಿಗೆದಾರರು ತಾವಾಗಿ ಖೋಲಿ ಬಿಡುವುದಾದರೆ ಒಲೆ ಆರಿಸಿ, ಸಗಣಿಯಿಂದ ಸಾರಿಸಿ ಹೋಗಬೇಕು. ಸಾರಿಸಿದ ಒಲೆ ಕಂಡರೆ ಮುಗಿಯಿತು, ಋಣ ತೀರಿತು ಅಂತ.

ಈ ಕೊನೆಯ ಮಾತನ್ನು ಬಕ್ಕಪ್ಪನಿಗೆ ಯಾರೂ ಹೇಳಲಿಲ್ಲ. ಬರುವವನಿಗೆ ಹೋಗುವ ರೀತಿಯನ್ನು ಯಾರು ಹೇಳುತ್ತಾರೆ?

* * *

"ದೀಪ ಹಚ್ಚಿದ ಮ್ಯಾಲ ಬೆಂಕಿ ಹೊರಗ ಕೊಡಬಾರದವ್ವ, ಲಕ್ಷ್ಮಿ ಹೋಗ್ತಾಳ!" ಜನಾಬಾಯಿ ಎಚ್ಚರಿಸಿದಳು.

"ಹೊರಗ ಎಲ್ಲಿ ಕೊಟ್ಟೆ? ಅಂಗಳ ದಾಟ್ತದ ಅಷ್ಟ. ಲಕ್ಷ್ಮಿಗೂ ಕಣ್ಣು ಅದಾವ."

ಕಸ್ತೂರಿ ಇಕ್ಕಳದಿಂದ ಕೆಂಡ ಎತ್ತಿದಳು. ಬಕ್ಕಪ್ಪ ತಟ್ಟೆ ಕೇಳಲಿಲ್ಲ. ಒಲೆಯಿಂದ ಒಂದು ಹಿಡಿ ತಣ್ಣಗಿನ ಬೂದಿ ತೆಗೆದು ಅಂಗೈ ಮೇಲೆ ಹರಡಿಕೊಂಡ. ಕೈ ಮುಂದೆ ಮಾಡಿದ.

"ಹಾಕ್ರಿ."

"ಹುಚ್ಚಪ್ಪ! ಕೈ ಸುಡ್ತದ!"

"ಬೂದಿ ಇದ್ರ ಸುಡಂಗಿಲ್ರಿ. ನಾವು ಅಡವ್ಯಾಗ ಹಿಂಗ ಒಯ್ತೇವಿ. ಕೆಂಡಕ್ಕೂ ಕೈಗೂ ನಡುವ ಒಂದೀಟು ಬೂದಿ ಇರಬೇಕಷ್ಟ. ನಿಂದರಬಾರ್ದು, ನಡೀತಿರಬೇಕು."

ಆಕೆ ಕೆಂಡ ಇಟ್ಟಳು. ಅವನು ಇನ್ನೊಂದು ಕೈಯನ್ನು ಮರೆ ಹಿಡಿದು, ಹಕ್ಕಿ ಮರಿಯನ್ನು ಒಯ್ಯುವವನ ಹಾಗೆ ಅಂಗಳ ದಾಟಿದ. ಕತ್ತಲಲ್ಲಿ ಅವನ ಬೆರಳ ಸಂದು ಕೆಂಪಗೆ ಕಾಣುತ್ತಿತ್ತು…

ಕಸ್ತೂರಿ ಇಕ್ಕಳ ಹಿಡಿದೇ ಹೊಸ್ತಿಲಿಗೆ ಬಂದಳು.

ಅಷ್ಟರಲ್ಲಿ ಪಕ್ಕದ ಖೋಲಿಯಿಂದ ಸಣ್ಣ ದನಿ ಕೇಳಿಸಿತು. ಹಮೀದುನ್ನಿಸಾ ನಮಾಜು ಮುಗಿಸಿ ದುವಾ ಕೇಳುತ್ತಿದ್ದಳು. ಬಾಗಿಲ ಗೂಟಕ್ಕೆ ಕಪ್ಪು ಬುರ್ಖಾ ತೂಗುತ್ತಿತ್ತು.

ಬಕ್ಕಪ್ಪ ನಿಂತುಬಿಟ್ಟ. ಕೆಂಡ ಅಂಗೈಯಲ್ಲಿತ್ತು. ಬೂದಿ ಕಾಯುತ್ತಿತ್ತು.

"ಇಲ್ಲಿ… ತುರುಕರು ಅದಾರೇನ್ರಿ?"

"ಅದಾರ. ಯಾಕ?"

"ನಮ್ಮ ಅಣ್ಣ ಹಣಮಂತಪ್ಪನ್ನ ರಜಾಕಾರರು ಹೊಡದ ಹಾಕ್ಯಾರ್ರಿ. ಕುರಿ ಹಟ್ಟಿ ಮುಂದ. ನನ್ನ ಕಣ್ಣ ಎದರಿಗೆ."

ಕಸ್ತೂರಿ ಅಂಗಳಕ್ಕೆ ಇಳಿದು ಅವನೆದುರು ನಿಂತಳು. ದನಿ ಇಳಿಸಲಿಲ್ಲ.

"ಭಾಳ ಕೆಟ್ಟಾತು. ಆದ್ರ ಹೊಡದಾಕಿ ಈ ಮುದುಕಿ ಅಲ್ಲ. ಆಕಿ ನನ್ನ ಮನಿ ಕೆಂಡ ಒಯ್ದಾಕಿ. ನೀವು ಬರೂಕಿಂತ ಎಷ್ಟೋ ವರ್ಷ ಮೊದಲಿಂದ ಅದಾಳ, ನೀವು ಹೋದ್ರೂ ಇರ್ತಾಳ. ಇರೋದಿದ್ರ ಒಲಿ ಹಚ್ಚ್ರಿ. ಇಲ್ಲಾಂದ್ರ ಕೆಂಡ ತಿರುಗಿ ಕೊಡ್ರಿ. ಲಗೂ ಹೇಳ್ರಿ, ಕೈ ಸುಡ್ತದ!"

ಅವನು ಆಕೆಯನ್ನೇ ನೋಡಿದ. ಓಣಿಯೆಲ್ಲ ಒಂದು ಕಡೆ, ಈಕೆ ಒಬ್ಬಳೇ ಒಂದು ಕಡೆ. ಒಳಗೆ ಹೆದರಿಕೆ ಇಲ್ಲ ಎಂದಲ್ಲ. ಕಣ್ಣಲ್ಲಿ ನೀರಿತ್ತು, ಗದ್ದ ಮಾತ್ರ ಮೇಲಿತ್ತು!

ಬಕ್ಕಪ್ಪ ಒಳಗೆ ಹೋಗಿ ಒಲೆ ಹೊತ್ತಿಸಿದ.

* * *

ಮೊದಮೊದಲು ಅವನು ಹಮೀದುನ್ನಿಸಾಳ ಬಾಗಿಲ ಮುಂದೆ ಮುಖ ತಿರುಗಿಸಿ ನಡೆಯುತ್ತಿದ್ದ.

ಒಂದು ಸಂಜೆ ಬಾವಿಕಟ್ಟೆಯಲ್ಲಿ ಕುಳಿತಿದ್ದಾಗ ಅವನ ಕಣ್ಣಿಗೆ ಒಂದು ವಿಷಯ ಬಿತ್ತು. ಮುದುಕಿ ರೊಟ್ಟಿ ತಟ್ಟಿದಳು. ಒಂದನ್ನು ತಾನು ತಿಂದಳು. ಇನ್ನೊಂದನ್ನು ಅರಿವೆಯಲ್ಲಿ ಸುತ್ತಿ ಗೋಡೆಯ ಮಾಡದಲ್ಲಿಟ್ಟಳು.

"ಅದು ಯಾರಿಗಿ?" ಬಾಯಿ ತಪ್ಪಿ ಕೇಳಿಬಿಟ್ಟ.

"ನಮ್ಮ ಕುತುಬನಿಗಿ ಬೇಟಾ. ಹಸಕೊಂಡು ಬರ್ತಾನ."

ಬಕ್ಕಪ್ಪ ಎದ್ದು ನಿಂತ. ಎಕಂಬಾದಲ್ಲಿ ಅವನ ತಾಯಿಯೂ ದಿನಾ ಒಂದು ರೊಟ್ಟಿ ಹೀಗೇ ಎತ್ತಿಡುತ್ತಿದ್ದಳು. ಸತ್ತ ಮಗನಿಗೆ.

"ನಿಮ್ಮ ಮಗ ಅವರ ಕೂಡ ಇದ್ದನೇನು? ಖರೇ ಹೇಳ್ರಿ."

"ಗೊತ್ತಿಲ್ಲೋ ಬೇಟಾ. ತಾಯಿಗಿ ಎಲ್ಲಾ ಗೊತ್ತಿರ್ತದ ಅಂತಾರ. ಝೂಟ್ ಅದು." ಮುದುಕಿ ಅರಿವೆಯ ಗಂಟು ಬಿಗಿ ಮಾಡಿದಳು. "ದುವಾದಾಗ ಅವನ ಹೆಸರು ತಗೋತೇನಿ. ನಿನ್ನ ಅಣ್ಣನ ಹೆಸರೂ ತಗೋಲೇನು? ಬ್ಯಾಡ ಅಂದ್ರ ಬಿಡ್ತೇನಿ."

ಅವನು ಬಾವಿಯ ಹಗ್ಗವನ್ನು ಸುತ್ತಿ ಕಟ್ಟೆಯ ಮೇಲಿಟ್ಟ.

"ತಗೋರಿ," ಎಂದ ಕೊನೆಗೆ. "ಹಣಮಂತಪ್ಪ."

ಮರುದಿನದಿಂದ ಹಮೀದುನ್ನಿಸಾಳ ಕೊಡಕ್ಕೆ ನೀರು ಸೇದುವುದು ಅವನ ಕೆಲಸವಾಯಿತು. ಯಾರೂ ಹೇಳಿದ್ದಲ್ಲ.

ಕಿಟಕಿಯಿಂದ ನೋಡುತ್ತಿದ್ದ ಕಸ್ತೂರಿಗೆ ಅವತ್ತೇ ಗೊತ್ತಾಯಿತು, ಇನ್ನು ತನ್ನ ಮನಸ್ಸು ತನ್ನ ಖೋಲಿಯಲ್ಲಿ ಇರುವುದಿಲ್ಲ ಎಂದು.

'ಥೂ! ಏನು ಯೋಚನೆ ಇದು? ಹದಿನಾರರಲ್ಲಿ ಗಂಡನನ್ನು ಕಳಕೊಂಡವಳು ನಾನು. ಮನೆಯೊಡತಿ ನಾನು. ಅವನು ಬಾಡಿಗೆಯವನು…'

ಆದರೂ ಅವನ ಕಂಬಳಿಗಳನ್ನು ತೊಳೆದು ಮಾಳಿಗೆಯ ಮೇಲೆ ಒಣಹಾಕಿದಾಗ ಒಂದರಲ್ಲಿ ಮುಖ ಹುದುಗಿಸಿ ನಿಂತಳು. ಕುರಿಯ ವಾಸನೆ. ಹೊಗೆಯ ವಾಸನೆ…

"ಇನ್ನೂ ಸಗಣಿ ನಾರ್ತದೇನ್ರಿ ಬಾಯೋರ?"

ಬೆಚ್ಚಿ ತಿರುಗಿದಳು. ಮೆಟ್ಟಿಲ ಮೇಲೆ ಬಕ್ಕಪ್ಪ!

"ಹೌದು! ನಾರ್ತದ! ಇನ್ನೊಮ್ಮಿ ತೊಳೀಬೇಕು!"

ಆ ಕಂಬಳಿಯನ್ನು ಆಕೆ ನಾಲ್ಕು ಸಲ ತೊಳೆದಳೆಂದು ಜನಾಬಾಯಿ ಓಣಿ ತುಂಬ ಹೇಳಿಕೊಂಡು ಬಂದಳು.

* * *

ಮಾತು ಕಾಕಾನ ಕಿವಿಗೂ ಮುಟ್ಟಿತು.

ಶಿವರಾಜಪ್ಪ ಎಂದರೆ ಕಸ್ತೂರಿಯ ತಂದೆಯ ತಮ್ಮ. ಗಂಜ್ ಪೇಟೆಯಲ್ಲಿ ಜೋಳದ ವ್ಯಾಪಾರ. ಅಣ್ಣ ತೀರಿದ ಮೇಲೆ ಮನೆಯ ಹಿರಿಯ ತಾನೇ ಎಂದು ಅವನ ಲೆಕ್ಕ. ಅಂಗಳಕ್ಕೆ ಬಂದವನು ಕೂಡಲೂ ಇಲ್ಲ.

"ಊರು ಏನಂತದ ಗೊತ್ತೇನು ನಿನಗ? ರಜಾಕಾರನ ಅವ್ವನ್ನ ಇಟ್ಕೊಂಡಾಳ, ಮ್ಯಾಲ ಒಬ್ಬ ಕುರುಬನ್ನೂ ಇಟ್ಕೊಂಡಾಳ ಅಂತದ! ಸೋಮವಾರ ಗಾಡಿ ತಗೊಂಡು ಬರ್ತೇನಿ. ಮುದುಕಿ ಸಾಮಾನು ಹೊರಗ ಹೋಗ್ಬೇಕು. ಇಲ್ಲಾಂದ್ರ ಈ ಮನಿ ಕಾರಭಾರ ನಾ ನೋಡ್ಕೋತೇನಿ. ನೀ ಒಂದು ಮೂಲ್ಯಾಗ ವಿಭೂತಿ ಹಚ್ಕೊಂಡು ಕೂಡು."

"ಹಮೀದುನ್ನಿಸಾ ಖಾಲಾ ಎಲ್ಲೂ ಹೋಗಂಗಿಲ್ಲ ಕಾಕಾ. ಅಜ್ಜಿ ಕೈಯಾರೆ ಕೆಂಡ ಕೊಟ್ಟಾಳ."

"ಮತ್ತ ಆ ಕುರುಬ? ಅಂವ ನಿನಗ ಏನಾಗ್ಬೇಕು?"

ಕಸ್ತೂರಿಯ ಬಾಯಿಗೆ ಬಂದದ್ದು ಒಂದು, ಆಡಿದ್ದು ಇನ್ನೊಂದು.

"ಏನೂ ಇಲ್ಲ! ಬಾಡಿಗಿಯವ. ಇವತ್ತಿದ್ದು ನಾಳಿ ಹೋಗಾಂವ. ಅಂವ ನನಗ ಯಾರೂ ಅಲ್ಲ!"

ಆಡಿದ ಮೇಲೆ ನೋಡುತ್ತಾಳೆ, ಬಾವಿಯ ಹತ್ತಿರ ಕೊಡ ಹಿಡಿದು ಬಕ್ಕಪ್ಪ ನಿಂತಿದ್ದಾನೆ. ಅವನು ಕೊಡವನ್ನು ಹಮೀದುನ್ನಿಸಾಳ ಹೊಸ್ತಿಲಲ್ಲಿಟ್ಟು ಖೋಲಿಗೆ ಹೋದ.

ಕಾಕಾ ಹೋದ ಮೇಲೆ ಕಸ್ತೂರಿ ಸಿಟ್ಟಿನಿಂದ ಕುದಿಯುತ್ತಿದ್ದಳು.

"ಖಾಲಾ, ನಾ ಎಲ್ಲಾರ ಮುಂದ ಹೇಳ್ತೇನಿ! ರಜಾಕಾರರು ಓಣ್ಯಾಗ ಹೊಕ್ಕಾಗ ಈ ಕಾಕಾ ಎಲ್ಲಿದ್ದ? ನಿನ್ನ ಬುರ್ಖಾ ಹಾಕ್ಕೊಂಡು, ನಿನ್ನ ಕೈ ಹಿಡ್ಕೊಂಡು ಊರು ದಾಟ್ಯಾನ! ಇವತ್ತ ನಿನಗ ಗಾಡಿ ತರ್ತಾನಂತ!"

"ಚುಪ್!" ಹಮೀದುನ್ನಿಸಾ ಸೂಜಿ ಕೆಳಗಿಟ್ಟಳು. "ಯಾರ ಮುಂದೂ ಹೇಳಬ್ಯಾಡ. ಕಸಂ ಅದ ನನ್ನದು. ಮಾಡಿದ್ದನ್ನ ಬಾಡಿಗಿ ಹಂಗ ವಸೂಲಿ ಮಾಡಬಾರ್ದು ಬೇಟಿ."

ಕಸ್ತೂರಿ ಆ ಮಾತು ಅಲ್ಲಿಗೇ ಬಿಟ್ಟು ಎದ್ದಳು. ಬಕ್ಕಪ್ಪನ ಬಾಗಿಲು ತಟ್ಟಬೇಕೆಂದು ಮೂರ್ನಾಲ್ಕು ಸಲ ಅಂಗಳಕ್ಕೆ ಬಂದಳು, ತಟ್ಟದೆ ತಿರುಗಿದಳು.

'ನಾಳೆ ಹೇಳುತ್ತೇನೆ. ಸುಳ್ಳು ಹೇಳಿದೆ ಎಂದು ನಾಳೆ ಹೇಳುತ್ತೇನೆ…'

* * *

ಭಾನುವಾರ ಬೆಳಿಗ್ಗೆ ಅವನ ಬಾಗಿಲು ತೆರೆದೇ ಇತ್ತು.

ಖೋಲಿ ಖಾಲಿ. ಕಂಬಳಿ ಗಂಟಿಲ್ಲ. ಒಲೆಯಲ್ಲಿ ಬೆಂಕಿಯಿಲ್ಲ, ಬೂದಿಯೂ ಇಲ್ಲ. ನುಣ್ಣಗೆ, ಅಂದವಾಗಿ, ಹಸಿ ಸಗಣಿಯಿಂದ ಸಾರಿಸಿದ ಒಲೆ!

ಕಸ್ತೂರಿ ಗೋಡೆ ಹಿಡಿದುಕೊಂಡಳು.

"ಬಿಟ್ಟು ಹೋದನೇನವ್ವ?" ಜನಾಬಾಯಿಯ ದನಿಯಲ್ಲಿ ಈ ಸಲ ತಮಾಷೆ ಇರಲಿಲ್ಲ.

"ಹೋಗ್ಲಿ ಬಿಡು! ಕಾಕಾಗ ಅಂಜಿ ಓಡ್ಯಾನ. ಇಂಥಾವರು ಎಷ್ಟು ಮಂದಿ ಬಂದಿಲ್ಲ, ಎಷ್ಟು ಮಂದಿ ಹೋಗಿಲ್ಲ!"

ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸೆರಗು ಬಾಯಿಗೆ ತುರುಕಿ ಅತ್ತಳು.

'ಅಂಜಿ ಹೋಗಲಿಲ್ಲ ಅವನು. ನಾನೇ ಕಳಿಸಿದೆ. ಯಾರೂ ಅಲ್ಲ ಎಂದೆನಲ್ಲ… ಯಾರೂ ಅಲ್ಲದವನು ಯಾಕೆ ಇದ್ದಾನು?'

ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡಳು. ಅವನು ಇರಲಿ, ಬಿಡಲಿ. ನಾಳೆ ಸೋಮವಾರ. ಹಮೀದುನ್ನಿಸಾಳ ಟ್ರಂಕು ಆ ಹೊಸ್ತಿಲು ದಾಟಕೂಡದು.

* * *

ಸೋಮವಾರ ಹೊತ್ತೇರುವ ಮೊದಲೇ ಎತ್ತಿನ ಗಾಡಿ ಓಣಿಗೆ ಬಂತು. ಶಿವರಾಜಪ್ಪ, ಜೊತೆಗೆ ಇಬ್ಬರು ಹಮಾಲರು. ಓಣಿಯ ಕಟ್ಟೆಗಳೆಲ್ಲ ತುಂಬಿದವು. ತಮಾಷೆ ನೋಡಲು ಎಲ್ಲರಿಗೂ ಪುರಸೊತ್ತು!

ಕಸ್ತೂರಿ ಹಮೀದುನ್ನಿಸಾಳ ಬಾಗಿಲಿಗೆ ಅಡ್ಡ ನಿಂತಳು.

"ಕೆಂಡ ಒಯ್ದೋರನ್ನ ಹೊರಗ ಹಾಕೋ ಹಕ್ಕು ಯಾರಿಗೂ ಇಲ್ಲ ಕಾಕಾ. ನಿಮ್ಮ ಅವ್ವನ ಮಾತದು."

"ಅವ್ವನ ಮಾತು ನನಗ ನೀ ಕಲಸ್ತೀ?" ಶಿವರಾಜಪ್ಪ ಹಲ್ಲು ಕಡಿದ. "ಅವ್ವ ಇನ್ನೊಂದು ಮಾತೂ ಹೇಳ್ಯಾಳ. ಈ ಮನಿ ದೊಡ್ಡ ಒಲಿ ಆರಿದ್ರ, ಕೊಟ್ಟ ಕೆಂಡ ಎಲ್ಲಾ ತೀರಿದಂಗ. ಅವತ್ತಿಗೆ ಬಾಡಿಗಿ ಮುಗೀತು. ನೆನಪದ ಇಲ್ಲ?"

ಕಸ್ತೂರಿಗೆ ಅರ್ಥವಾಗುವಷ್ಟರಲ್ಲಿ ಅವನು ಅಡುಗೆಮನೆಗೆ ನುಗ್ಗಿ ನೀರಿನ ಬಿಂದಿಗೆಯನ್ನು ಒಲೆಗೆ ಸುರಿದಿದ್ದ.

ಚುಂಯ್ ಎಂದಿತು. ಬೂದಿಯ ಹಬೆ ಅಂಗಳದ ತನಕ ಬಂತು. ನೀಲಮ್ಮ ಹಚ್ಚಿದ್ದ ಬೆಂಕಿ ಅದು. ಒಂದು ದಿನವೂ ಆರಿರಲಿಲ್ಲ.

ಜನಾಬಾಯಿ ಕೈ ಬಾಯಿಗೆ ಇಟ್ಟುಕೊಂಡಳು. "ಯಪ್ಪಾ… ನಿನ್ನ ಅವ್ವನ ಒಲಿಯೋ!"

"ಟ್ರಂಕ್ ಎತ್ರೋ!"

ಹಮಾಲರು ಕಸ್ತೂರಿಯನ್ನು ದಾಟಿ ಒಳಹೊಕ್ಕು ಟ್ರಂಕಿನ ಹಿಡಿಗೆ ಕೈ ಹಾಕಿದರು. ಹಮೀದುನ್ನಿಸಾ ಎದ್ದು ನಿಂತು ಗೂಟದ ಮೇಲಿನ ಬುರ್ಖಾಕ್ಕೆ ಕೈ ಚಾಚಿದಳು. ಶಿವರಾಜಪ್ಪನ ಕಣ್ಣು ಆ ಬುರ್ಖಾದ ಮೇಲೆ ಬಿತ್ತು. ತಟ್ಟನೆ ಮುಖ ತಿರುಗಿಸಿದ.

ಕಸ್ತೂರಿ ಅದನ್ನು ನೋಡಿದಳು. ಒಂದೇ ಮಾತು ಸಾಕಿತ್ತು. ನಾಲಿಗೆಯ ತುದಿಗೆ ಬಂದಿತ್ತು… ಆದರೆ ಖಾಲಾ ಹಾಕಿದ ಆಣೆ ಇತ್ತು. ನುಂಗಿಕೊಂಡಳು.

ಆಮೇಲೆ ಆಕೆಗೆ ಹೊಳೆಯಿತು.

"ಖಾಲಾ," ಎಂದಳು, "ನಿನ್ನ ಒಲ್ಯಾಗ ಕೆಂಡ ಅದಾವೇನು?"

"ಯಾವತ್ತು ಆರ್ಯಾವ ಬೇಟಿ?"

ಕಸ್ತೂರಿ ಆ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. ಅಂಗೈ ತುಂಬ ತಣ್ಣನೆಯ ಬೂದಿ ಹರಡಿಕೊಂಡಳು. ಇಕ್ಕಳ ಹುಡುಕಲಿಲ್ಲ. ಒಲೆಯ ಅಂಚಿನಲ್ಲಿದ್ದ ಒಂದು ಕೆಂಡವನ್ನು ಕಟ್ಟಿಗೆಯ ತುಂಡಿನಿಂದ ಅಂಗೈಗೆ ಹೊರಳಿಸಿಕೊಂಡಳು. ಎದ್ದಳು.

ನಿಲ್ಲಬಾರದು, ನಡೆಯುತ್ತಿರಬೇಕು…

ಹಮಾಲರು ಹಿಂದೆ ಸರಿದರು. ಅಂಗಳ ದಾಟಿದಳು. ಕೈ ಕಾಯುತ್ತಿತ್ತು, ಬಿಡಲಿಲ್ಲ. ಬಾಗಿಲಲ್ಲಿ ನಿಂತವರೆಲ್ಲ ಆ ಕೆಂಪನ್ನೇ ನೋಡುತ್ತಿದ್ದರು. ಅಡುಗೆಮನೆಯ ಒದ್ದೆ ಒಲೆಯ ಪಕ್ಕ ಮೂರು ಹೊಸ ಕಲ್ಲಿಟ್ಟು, ಕೆಂಡ ಇಳಿಸಿ, ಸಣ್ಣ ಪುಳ್ಳೆ ಹಾಕಿ ಊದಿದಳು. ಊದಿದಳು. ಹೊಗೆ ಎದ್ದಿತು. ಆಮೇಲೆ ಉರಿ!

ತಿರುಗಿ ನಿಂತಳು. ಮುಖಕ್ಕೆಲ್ಲ ಮಸಿ.

"ಈಗ ಕೇಳ್ರಿ ಕಾಕಾ. ನಾ ಹಮೀದುನ್ನಿಸಾ ಖಾಲಾನ ಒಲಿಂದ ಕೆಂಡ ತಂದೇನಿ. ನಿಮ್ಮ ಅವ್ವನ ಕಾಯ್ದೆ ಪ್ರಕಾರ ಇನ್ ಮ್ಯಾಲ ನಾನೇ ಆಕಿ ಬಾಡಿಗಿದಾಕಿ. ಮನಿ ಆಕಿದು. ಖಾಲಿ ಮಾಡಸೋದಿದ್ರ ನನ್ನ ಮಾಡಸ್ರಿ! ಹಾಕ್ರಿ ನನ್ನ ಟ್ರಂಕ್ ಗಾಡ್ಯಾಗ!"

ಶಿವರಾಜಪ್ಪ ಆ ಹೊಸ ಉರಿಯನ್ನು ನೋಡಿದ. ತಾಯಿಯ ಬೆಂಕಿ. ತಾನೇ ಆರಿಸಿದ್ದ. ಆ ಬೆಂಕಿಯನ್ನು ಉಳಿಸಿಟ್ಟವಳು ಈ ಮುದುಕಿ. ತನ್ನನ್ನು ಉಳಿಸಿದವಳೂ…

ಆದರೂ ಓಣಿಯೆಲ್ಲ ನೋಡುತ್ತಿದೆಯಲ್ಲ! ಮರ್ಯಾದೆ ಬಿಡುವುದು ಅಷ್ಟು ಸುಲಭವೇ?

"ನಿಂತು ಏನ ನೋಡ್ತೀರಿ? ಎತ್ತಿ ಗಾಡಿಗೆ ಹಾಕ್ರಿ ಅಂದ್ರ—"

"ಬ್ಯಾ…!"

ಎಲ್ಲರೂ ಹೊರಗೆ ನೋಡಿದರು.

ಓಣಿಯ ಆ ತುದಿಯಿಂದ ಕುರಿಗಳು ಬರುತ್ತಿದ್ದವು. ಹತ್ತಲ್ಲ, ಇಪ್ಪತ್ತಲ್ಲ, ಕರಿ ಹೊಳೆ ಹರಿದ ಹಾಗೆ! ಗೋಡೆಯಿಂದ ಗೋಡೆಗೆ ತುಂಬಿಕೊಂಡು, ಕಟ್ಟೆ ಹತ್ತಿ, ಜನರ ಕಾಲಲ್ಲಿ ನುಸುಳಿ, ಗಾಡಿಯ ಗಾಲಿಯೊಳಗೆ ತೂರಿ… ಎತ್ತುಗಳು ಬೆದರಿ ಅಲ್ಲೇ ಅಡ್ಡಡ್ಡ ತಿರುಗಿದವು. ಗಾಡಿ ಹಿಂದೆಯೂ ಹೋಗದು, ಮುಂದೆಯೂ ಹೋಗದು.

ಕುರಿಗಳ ಹಿಂದೆ ಕಂಬಳಿ ಹೊದ್ದ ಮುದುಕ ಧೊಂಡಿಬಾ, ಬಕ್ಕಪ್ಪನ ಸೋದರಮಾವ. ಅವನ ಪಕ್ಕದಲ್ಲಿ ಕೋಲು ಹಿಡಿದ ಬಕ್ಕಪ್ಪ.

ಕಸ್ತೂರಿ ಮಸಿ ಮುಖದಲ್ಲೇ ಹೊಸ್ತಿಲಿಗೆ ಬಂದಳು.

'ಬಂದ… ಬಂದ!'

"ಏ ಕುರುಬಾ! ಕುರಿ ಹೊಡಿ ಆಚಿ ಕಡಿ! ಗಾಡಿ ಹೋಗ್ಬೇಕು!" ಶಿವರಾಜಪ್ಪ ಓಣಿಗೆ ಬಂದು ಕೂಗಿದ.

"ನಾ ಏನ ಮಾಡ್ಲಿ ಸಾವಕಾರ್ರ?" ಬಕ್ಕಪ್ಪ ಕೋಲಿಗೆ ಗದ್ದ ಊರಿ ನಿಂತ. "ಅವಕ್ಕ ಕನ್ನಡಾನೂ ತಿಳಿಯಂಗಿಲ್ಲ, ಉರ್ದೂನೂ ತಿಳಿಯಂಗಿಲ್ಲ. ಅವಕ್ಕ ಮನಸ ಬಂದಾಗ ಏಳ್ತಾವ."

ಓಣಿಯಲ್ಲಿ ಯಾರೋ ನಕ್ಕರು. ಇನ್ನೊಬ್ಬರು ನಕ್ಕರು. ಒಂದು ಟಗರು ಶಿವರಾಜಪ್ಪನ ಧೋತರದ ಚುಂಗನ್ನು ಅಗಿಯತೊಡಗಿದಾಗ ಕಟ್ಟೆಗಳೆಲ್ಲ ನಕ್ಕವು. ನಗುವ ಜನ ಕಲ್ಲು ಎತ್ತುವುದಿಲ್ಲ, ಅದು ಒಳ್ಳೆಯದು.

ಆಗ ಹಮೀದುನ್ನಿಸಾ ಬಾಗಿಲಿಗೆ ಬಂದಳು. ಬುರ್ಖಾ ಮತ್ತೆ ಗೂಟದ ಮೇಲಿತ್ತು.

"ಶಿವರಾಜಪ್ಪಾ, ಕುರಿ ಏಳೂತನಕ ಬಿಸಲಾಗ ಯಾಕ ನಿಂದರ್ತೀ? ಒಳಗ ಬಾ. ಚಾ ಕುಡಿ."

ಅವನು ಆಕೆಯ ಮುಖ ನೋಡಿದ. ಎಷ್ಟೋ ತಿಂಗಳ ಮೇಲೆ ಮೊದಲ ಸಲ.

"ಟ್ರಂಕ್ ಬಿಡ್ರೋ," ಎಂದ ಹಮಾಲರಿಗೆ, ದನಿಯೇ ಇಲ್ಲದ ಹಾಗೆ. "ಎಲ್ಲದ ಅಲ್ಲೇ ಇರ್ಲಿ."

ಚಹಾ ಕುಡಿಯಲಿಲ್ಲ. ಆದರೆ ಹೋಗುವಾಗ ಅಡುಗೆಮನೆಯ ಹೊಸ ಉರಿಗೆ ದೂರದಿಂದಲೇ ಕೈ ಮುಗಿದು ಹೋದ.

* * *

ಇಳಿಹೊತ್ತು. ಧೊಂಡಿಬಾ ಕುರಿಗಳನ್ನು ಪಕ್ಕದ ಅಷ್ಟೂರು ಹಳ್ಳಿಯ ಕಡೆ ಹೊಡೆದುಕೊಂಡು ಹೋಗಿದ್ದ. ಅವು ಒಳಗೂ ನುಗ್ಗಿದ್ದರಿಂದ ಅಂಗಳದ ತುಂಬ ಹಿಕ್ಕೆ. "ಒಂದು ವರ್ಷದ ಗೊಬ್ಬರ ಆತು, ಇನ್ನ ಹೊಲ ಒಂದು ತಗೋಬೇಕಷ್ಟ" ಎಂದು ಗೊಣಗುತ್ತ ಜನಾಬಾಯಿ ಕಸಬರಿಗೆ ಎಳೆಯುತ್ತಿದ್ದಳು.

ಬಕ್ಕಪ್ಪ ತನ್ನ ಖೋಲಿಯ ಹೊಸ್ತಿಲಲ್ಲಿ ಕುಳಿತಿದ್ದ. ಕಸ್ತೂರಿ ಎದುರಿಗೆ ಬಂದು ನಿಂತಳು. ಸೊಂಟದ ಮೇಲೆ ಕೈ.

"ಒಲಿ ಯಾಕ ಸಾರಿಸಿ ಹೋದ್ರಿ?"

"ಮತ್ತೇನ್ ಮಾಡ್ಲಿ ರೀ? ಅಷ್ಟೂರಿನ ಹೊಲದಾಗ ಮಾವ ಕುರಿ ತರುಬಿದ್ದ. ಬಯಲಾಗ ಮಲಗಬೇಕು ಅಂತ ಕಂಬಳಿ ತಗೊಂಡು ಹೋದೆ. ಬೆಂಕಿ ಉರಿಯಾಕ ಬಿಟ್ಟು ಕುರುಬ ಜಾಗಾ ಬಿಡಂಗಿಲ್ರಿ. ಆರಸಿ, ಸಾರಿಸಿ, ಆಮ್ಯಾಲ ಹೊರಡೂದು. ನಮ್ಮಪ್ಪ ಕಲಿಸಿದ್ದು."

"ಈ ಮನ್ಯಾಗ ಸಾರಿಸಿದ ಒಲಿ ಅಂದ್ರ ಬಿಟ್ಟು ಹೋದಂಗ! ಹೇಳಿ ಹೋಗಾಕ ಬಾಯಿ ಇರ್ಲಿಲ್ಲೇನು?"

"ಯಾರಿಗಿ ಹೇಳ್ಲಿ ರೀ?" ಅವನು ತಲೆ ತಗ್ಗಿಸಿದ. "ನಾ ಯಾರೂ ಅಲ್ಲ ಅಂದಿದ್ರಿ. ಯಾರೂ ಅಲ್ಲದಾಂವ ಯಾರಿಗಿ ಹೇಳಿ ಹೋಗ್ತಾನ?"

ಕಸ್ತೂರಿಯ ಕಣ್ಣು ತುಂಬಿತು. ಈ ಸಲ ಗದ್ದವೂ ನಡುಗಿತು.

"ಮತ್ತ ಯಾಕ ತಿರುಗಿ ಬಂದ್ರಿ?"

"ನೀವು ಅನ್ರಿ ಬಿಡ್ರಿ… ನನಗ ನೀವು ಯಾರೋ ಆಗೀರಿ. ಸಗಣಿ ನೀರು ಬಿದ್ದಾಗಿಂದ."

ಕಸಬರಿಗೆಯ ಸದ್ದು ನಿಂತಿತು. ಹಮೀದುನ್ನಿಸಾಳ ಸೂಜಿಯೂ ನಿಂತಿತು.

"ಸುಳ್ಳ ಹೇಳಿದ್ದೆ," ಎಂದಳು ಕಸ್ತೂರಿ. ಅಷ್ಟು ಸಣ್ಣ ದನಿಯಲ್ಲಿ ಆಕೆ ಮಾತಾಡಿದ್ದನ್ನು ಆ ಮನೆ ಕೇಳಿರಲಿಲ್ಲ. "ಕಾಕಾನ ಮುಂದ… ಅಂಜಿ ಸುಳ್ಳ ಹೇಳಿದ್ದೆ. ಇನ್ ಮ್ಯಾಲ ಹೇಳಂಗಿಲ್ಲ."

ಬಕ್ಕಪ್ಪ ಎದ್ದು ನಿಂತ. ಆಕೆಯ ಬಲಗೈಯನ್ನು ಮೆಲ್ಲಗೆ ತಿರುಗಿಸಿ ಅಂಗೈ ನೋಡಿದ. ನಡುವೆ ಒಂದು ಕೆಂಪು ಕಲೆ, ನಾಣ್ಯದಷ್ಟು.

"ಬೂದಿ ಕಡಿಮಿ ಆಗ್ಯದ," ಎಂದ.

"ಗುರು ಎದರಿಗಿ ಇರ್ಲಿಲ್ಲ."

ಅವನು ಆ ಕಲೆಯ ಮೇಲೆ ಊದಿದ. ಕೆಂಡ ಊದುವಾಗಿನ ಹಾಗಲ್ಲ, ತಣ್ಣಗೆ. ಕಸ್ತೂರಿ ಕೈ ಎಳೆದುಕೊಳ್ಳಲಿಲ್ಲ. ಓಣಿ ನೋಡಲಿ, ಊರು ನೋಡಲಿ!

"ಹೊಸ ಕೆಂಡ ಕೊಡ್ತೀರೇನ್ರಿ ಬಾಯೋರ? ಒಲಿ ತಣ್ಣಗದ."

"ಕೊಡಂಗಿಲ್ಲ."

ಅವನ ಮುಖ ಬಾಡಿತು.

"ಖೋಲಿ ಖಾಲಿ ಮಾಡು," ಎಂದಳು ಕಸ್ತೂರಿ. ಬಹುವಚನ ಎಲ್ಲೋ ಜಾರಿಹೋಗಿತ್ತು. "ಈ ಮನ್ಯಾಗ ಇಷ್ಟು ವರ್ಷದಾಗ ಯಾರಿಗೂ ಹೋಗು ಅಂದಿಲ್ಲ. ನಿನಗ ಅಂತೇನಿ. ಕಂಬಳಿ ಎತ್ತು."

"ಎತ್ತಿ… ಎಲ್ಲಿಗಿ ಹೋಗ್ಲಿ ರೀ?"

"ಅಂಗಳ ದಾಟು. ಆ ಕಡಿ ಒಲಿ ಉರೀತದ. ಎರಡು ಒಲಿಗೆ ಕಟಿಗಿ ಯಾರು ತರಬೇಕು?"

ಬಕ್ಕಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಜನಾಬಾಯಿಗೆ ಅಷ್ಟು ಹೊತ್ತು ಬೇಕಾಗಲಿಲ್ಲ.

"ಯವ್ವಾ! ಉಡಿಕಿ ಮದಿವಿ ಮಾಡ್ಕೋತೀ? ಅದೂ ಕುರುಬನ ಕೂಡ? ಊರು ಏನಂತದ ಕಸ್ತೂರಿ!"

"ಅನ್ಲಿ ಬಿಡು ಜನಾಬಾಯಿ. ಊರಿಗಿ ನನ್ನ ಮನ್ಯಾಗ ಖೋಲಿ ಕೊಟ್ಟಿಲ್ಲ."

ಒಳಗಿಂದ ಹಮೀದುನ್ನಿಸಾ ನಕ್ಕಳು. ಮಗ ಹೋದ ಮೇಲೆ ಆಕೆ ನಕ್ಕದ್ದು ಅದೇ ಮೊದಲು. "ಜನಾಬಾಯಿ, ಕಸಬರಿಗಿ ಬಿಡು, ರವಾ ಹುರಿ. ಮನಿ ಈಗ ನಂದದ ಅಂತಲ್ಲ, ನಾ ಹುಕುಂ ಮಾಡ್ತೇನಿ!"

ಬಕ್ಕಪ್ಪ ಕಂಬಳಿ ಗಂಟು ಹೆಗಲಿಗೆ ಹಾಕಿಕೊಂಡ. ಅಂಗಳದ ನಡುವೆ ಬಂದು ನಿಂತುಬಿಟ್ಟ.

"ಯಾಕ ನಿಂತೀ? ಮತ್ತೇನು?"

"ಹೆಸರು ಹಿಡಿದು ಕರೀಲೇನು ಅಂತ… ಒಂದ್ಸಲ."

"ಕೇಳಿ ಕರೀತಾರೇನೋ ಹುಚ್ಚಪ್ಪ?"

"ಕಸ್ತೂರಿ."

ಆಕೆ ತಿರುಗಿ ನೋಡಲಿಲ್ಲ. ಒಲೆಗೆ ಇನ್ನೊಂದು ಕಟ್ಟಿಗೆ ಒಟ್ಟಿದಳು. ಬಗ್ಗಿದ ಮುಖದ ಮೇಲೆ ಉರಿಯ ಬೆಳಕು.

"ಲಗೂ ಬಾ," ಎಂದಳು. "ರೊಟ್ಟಿ ಆರ್ತಾವ."